ಮೂರು ಗೆರೆ, ಮೂರು ಇಂಚು

ದೋಣಿಯ ಯಂತ್ರ ಬದಲಿಸುವ ಕೆಲಸ ಸಿಕ್ಕಾಗ ನಾನಿನ್ನೂ ಸಮುದ್ರ ಕಂಡವನಲ್ಲ. ಭಾಲ್ಕಿಯಲ್ಲಿ ನನ್ನದು ಟಿವಿ ರಿಪೇರಿ ಅಂಗಡಿ. ಬರದ ವರ್ಷಗಳು, ಗಿರಾಕಿಗಳೆಲ್ಲ ಮನೆಗೆ ಬೀಗ ಜಡಿದು ಪುಣೆ, ಮುಂಬಯಿ ಸೇರಿದ್ದರು. ಟಿವಿ ಕೆಡಬೇಕಾದರೂ ಮನೆಯಲ್ಲಿ ಮನುಷ್ಯರಿರಬೇಕಲ್ಲ!

ಹಾಗೆ ಹೋದವರಲ್ಲಿ ನನ್ನ ಹೆಂಡತಿಯ ತಮ್ಮನೂ ಒಬ್ಬ. ಮುಂಬಯಿಯಲ್ಲಿ ಒಬ್ಬ ಸಾಹೇಬರ ಹಾಯಿದೋಣಿ ಕಾಯುತ್ತಿದ್ದ. ಸಿಡಿಲು ಬಡಿದು ಆ ದೋಣಿಯ ಗಾಳಿ ಅಳೆಯುವ, ನೀರಿನ ಆಳ ಅಳೆಯುವ ಯಂತ್ರಗಳೆಲ್ಲ ಸುಟ್ಟುಹೋಗಿದ್ದವು. "ನಮ್ಮ ಭಾವನವರು ಎಂಥಾ ಮಷೀನ್ ಇದ್ರೂ ಕೂಡಿಸ್ತಾರ" ಎಂದು ಇವನು ಧಾರಾಳವಾಗಿ ಹೇಳಿಬಿಟ್ಟಿದ್ದ. ಹೊಸ ಯಂತ್ರಗಳ ಪೆಟ್ಟಿಗೆ ತಂದು ನನ್ನ ಮೇಜಿನ ಮೇಲಿಟ್ಟು, ಕಲಿತು ಬರಲು ಎಂಟು ದಿನ ಕೊಟ್ಟು ಹೋದ.

ವಯರಿಂಗ್ ತಲೆಗೆ ಹತ್ತಿತು. ಆದರೆ ಆಳ ನೋಡುವ ಯಂತ್ರಕ್ಕೊಂದು ಕಪ್ಪು ಬಿಲ್ಲೆ. ನೀರಿನಲ್ಲಿ ಮುಳುಗಿಸಿದರೆ ಕೆಳಕ್ಕೆ ಸದ್ದು ಬಿಟ್ಟು, ತಳಕ್ಕೆ ಬಡಿದು ಮರಳಿದ ಸದ್ದಿನಿಂದ ಆಳ ಹೇಳುತ್ತದೆ. ಭಾಲ್ಕಿಯಲ್ಲಿ ಆಗ ಕೊಡಕ್ಕಿಂತ ಆಳದ ನೀರು ಎಲ್ಲಿತ್ತು? ಔರಾದ್ ಬಸ್ಸು ಹತ್ತಿ ಅತ್ತೆಯ ಊರು ಚಿಂತಾಕಿಗೆ ಹೋದೆ. ಅಲ್ಲೊಂದು ಬಾವಿ ಇನ್ನೂ ಬತ್ತಿರಲಿಲ್ಲ.

ಬಿಲ್ಲೆ ಇಳಿಬಿಟ್ಟೆ. ಪರದೆಯ ಮೇಲೆ ಎರಡು ಮೀಟರ್ ಎಂದು ಮೂಡಿತು. ಸುತ್ತ ಸೇರಿದ್ದ ಜನ "ಅಬಬಬಾ!" ಎಂದರು. ತೆಂಗಿನಕಾಯಿ ಅಂಗೈಯಲ್ಲಿಟ್ಟುಕೊಂಡು ಬೋರಿಗೆ ಪಾಯಿಂಟ್ ತೋರಿಸುವವರನ್ನು ನಂಬಿದ ಊರು. ನನ್ನ ಹತ್ತಿರವಂತೂ ಬ್ಯಾಟರಿ ಇತ್ತು.

"ಅಳಿಯಂದಿರ, ಜರಾ ನಮ್ಮ ಹೊಲದಾಗೂ ಹಚ್ಚಿ ನೋಡ್ರಿ" ಎಂದರು ಅತ್ತೆ.

"ಇದು ಸಮುದ್ರದ್ದರಿ, ಅತ್ತಿ. ಒಣ ನೆಲದಾಗ ನಡಿಯಂಗಿಲ್ಲ."

"ನೋಡ್ಲಾಕ ಏನ್ ಹೋಗ್ತದರಿ?"

ಬೇವಿನ ಮರದ ಹತ್ತಿರ ಬಿಲ್ಲೆ ಇಟ್ಟೆ. ಸದ್ದು ಮರಳದಿದ್ದರೆ ಯಂತ್ರ ಅಂಕಿಯ ಬದಲು ಬರೀ ಅಡ್ಡಗೆರೆ ತೋರಿಸುತ್ತದೆ. ತೋರಿಸಿತು, ಮೂರು. ನಮ್ಮ ಕಡೆ ಬೋರಿನ ನೀರನ್ನು ಇಂಚಿನ ಲೆಕ್ಕದಲ್ಲಿ ಹೇಳುವುದು ರೂಢಿ. ಅತ್ತೆ ಬಗ್ಗಿ ಗೆರೆ ಎಣಿಸಿದರು. "ಮೂರಿಂಚ ನೀರ! ಎರಡೂ ಎಮ್ಮಿ ಮಾರಿ ಬೋರ್ ಹೊಡಸ್ತೇನಿ. ಮಗನ್ನ ಊರಿಗೆ ಕರಸ್ತೇನಿ."

"ಹಂಗಲ್ಲರಿ" ಎಂದೆ. ಒಂದೇ ಸಲ ಎಂದೆ. ಅಷ್ಟರಲ್ಲಿ ಊರವರು ಕೈಮುಗಿಯತೊಡಗಿದ್ದರು, ಆ ಬರದಲ್ಲೂ ಗಟ್ಟಿ ಹಾಲಿನ ಚಹಾ ಬಂದಿತ್ತು. ದುಡಿಮೆಯಿಲ್ಲದ ಅಳಿಯ ಅನ್ನಿಸಿಕೊಂಡಿದ್ದವನಿಗೆ ಆ ಮರ್ಯಾದೆ ಬಿಡಲು ಮನಸ್ಸಾಗಲಿಲ್ಲ. ನಾಳೆ ಬಿಡಿಸಿ ಹೇಳಿದರಾಯಿತು ಎಂದುಕೊಂಡೆ. ಆ ನಾಳೆ ಬಂದಾಗ ಮುಂಬಯಿ ಬಸ್ಸು ಹತ್ತಿದೆ.

ದೋಣಿಯಲ್ಲಿ ಸುಟ್ಟ ಡಬ್ಬಿಗಳನ್ನು ಕಿತ್ತು, ಕರಗಿದ ವಯರ್ ಎಳೆದುಹಾಕಿ, ಹೊಸವನ್ನು ಕೂಡಿಸಿದೆ. ಅಂಕಿಗಳು ತಾವಾಗಿ ಮೂಡಿದವು. ಸಮುದ್ರದಲ್ಲಿ ನೀರಿಗೇನು ಬರ! ಸಾಹೇಬರು ಬೆನ್ನು ತಟ್ಟಿದರು. ಪಕ್ಕದಲ್ಲೇ ನಿಂತಿದ್ದ ಹೆಂಡತಿಯ ತಮ್ಮನಿಗೂ ನಾನು ಮೂರು ಗೆರೆಯ ಸಂಗತಿ ಹೇಳಲಿಲ್ಲ. ಅದೇ ವಾರ ಅವನ ತಾಯಿ ಎಮ್ಮೆ ಮಾರಿ, ಬೀದರಿನಿಂದ ಬೋರ್ ಲಾರಿ ತರಿಸಿ ಕೊರೆಸಿದರು. ಬಂದದ್ದು ಬರೀ ಧೂಳು.

ಊರಿಗೆ ಮರಳಿದಾಗ ಸುದ್ದಿ ತಿಳಿದು, ಬೈಸಿಕೊಳ್ಳಲು ತಯಾರಾಗಿಯೇ ಚಿಂತಾಕಿಗೆ ಹೋದೆ. ಕಟ್ಟೆಯ ಮೇಲಿದ್ದವರೊಬ್ಬರು "ಬಂದ್ರು ನೋಡ್ರಿ, ಮೂರಿಂಚಿನವರು" ಎಂದು ನಕ್ಕರು. ಅತ್ತೆ ಮನೆಯಿಂದ ಧಾವಿಸಿ ಬಂದರು.

"ಬಾಯಿ ಮುಚ್ರಿ! ನಮ್ಮ ಅಳಿಯಂದಿರ ಮಷೀನ್ ಸುಳ್ಳ ಹೇಳಂಗಿಲ್ಲ. ಲಾರಿಯವನೇ ಆಳ ಹೊಡಿಲಿಲ್ಲ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಒಳಗೆ ಕರೆದೊಯ್ದು ಕೂರಿಸಿ, ಬಾಗಿಲು ಮುಂದೆ ಮಾಡಿ, ಅತ್ತೆ ಮೆಲ್ಲಗೆ ಕೇಳಿದರು: "ಇನ್ನೊಂದ ನೂರ ಫೂಟ್ ಹೊಡದಿದ್ರ ಸಿಗ್ತಿತ್ತಲ್ರಿ?"

"ಸಿಗ್ತಿತ್ರಿ" ಎಂದೆ.