ಕೆಂಪಗೆ ಅಚ್ಚಾದ ಗಿಳಿ

ಆ ಗಿಳಿಯನ್ನು ಕೆಂಪು ಮಾಡಿದವನು ನಾನು. ಶಾಂತಾಬಾಯಿ ಟೀಚರ್ ಅಲ್ಲ. ಕೆಂಪಿಗೂ ಹಸಿರಿಗೂ ಇರುವ ವ್ಯತ್ಯಾಸ ನನ್ನ ಕಣ್ಣಿಗೆ ಹುಟ್ಟಿನಿಂದಲೇ ತಿಳಿಯುವುದಿಲ್ಲ. ಅದನ್ನು ಮುಚ್ಚಿಟ್ಟೆ — ಮುಚ್ಚಿಡುವುದಕ್ಕಾಗಿ ತಪ್ಪನ್ನು ಅವರ ತಲೆಗೆ ಕಟ್ಟಿದೆ.

ತೊಂಬತ್ತರ ದಶಕದ ನಡುವಿನ ಮಾತು. ಆಳಂದದ ಬಸ್ ನಿಲ್ದಾಣದ ಹತ್ತಿರ ಹೊಸದಾಗಿ ತೆರೆದ, ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಡಿಟಿಪಿ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಪೇಜ್‌ಮೇಕರ್ ಕಲಿತ ಹುಡುಗನೆಂದು ಒಂದಿಷ್ಟು ಹೆಸರಿತ್ತು. ಲಗ್ನಪತ್ರಿಕೆ, ಕರಪತ್ರ — ಎಲ್ಲ ಒಂದೇ ಬಣ್ಣದ ಕೆಲಸ. ನನ್ನ ಕಣ್ಣಿನ ಗುಟ್ಟು ಹೊರಬೀಳುವ ಪ್ರಸಂಗವೇ ಬಂದಿರಲಿಲ್ಲ.

ಟೀಚರ್ ಹತ್ತಿರದ ಸರಸಂಬಾ ಊರಿನವರು, ಆಳಂದದ ಹೆಣ್ಣುಮಕ್ಕಳ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದರು. ಬಣ್ಣಗಳ ಬಗ್ಗೆ ಮಕ್ಕಳಿಗೊಂದು ಕಿರುಪುಸ್ತಕ ಮಾಡುವುದು ಅವರ ಬಹುಕಾಲದ ಆಸೆ.

"ಬಣ್ಣದ ಕೆಲಸ ಬರ್ತದನಪಾ ನಿನಗ?" ಎಂದು ಕೇಳಿದರು.

ಇಲ್ಲ ಎನ್ನಬಹುದಿತ್ತು. "ಬರ್ತದ್ರಿ" ಎಂದೆ.

ನನ್ನ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು ಒಂದೊಂದು ಪುಟವನ್ನೂ ವಿವರಿಸುತ್ತಿದ್ದರು. ಹಳದಿಗೆ ನೀಲಿ ಕೂಡಿದರೆ ಏನಾಗುತ್ತದೆ, ಬಣ್ಣದ ಚಕ್ರದಲ್ಲಿ ಯಾವುದರ ಎದುರಿಗೆ ಯಾವುದು... ನಾನು ಚಿತ್ರ ಹಿಗ್ಗಿಸುತ್ತ, ಸಾಲು ಸರಿಸುತ್ತ, ಬಣ್ಣಗಳನ್ನು ಪರದೆಯ ಪಟ್ಟಿಯಲ್ಲಿದ್ದ ಹೆಸರು ಓದಿ ತುಂಬುತ್ತಿದ್ದೆ. ಎದುರು ಬಣ್ಣಗಳ ಪುಟಕ್ಕೆ ಅವರು ಬರೆದುಕೊಟ್ಟದ್ದು ಗಿಳಿಯ ಚಿತ್ರ.

"ಕೆಂಪು, ಹಸರು ಬಾಜೂಕ ಬಾಜೂಕ ಇಟ್ರ ಎರಡೂ ಹೆಂಗ ಎದ್ದು ಕಾಣತಾವ ನೋಡು!"

ಹೂಂ ಎಂದೆ. ನನಗೆ ಎರಡೂ ಮಣ್ಣಿನ ಬಣ್ಣ.

ಪರದೆಯ ಮೇಲೆ ಗಿಳಿ ಸರಿಯಾಗಿಯೇ ಇತ್ತು. ಹೊರಡುವಾಗ, "ಕೊಕ್ಕಿನ ಕೆಂಪು ಒಂದೀಟು ಗಾಢ ಮಾಡು, ಅಷ್ಟ" ಎಂದರು. ಆ ಎರಡು ಬಣ್ಣಗಳನ್ನು ಅವರ ಎದುರೇ, ಅವರು ಹೇಳಿದಂತೆ ಪರದೆಯ ಮೇಲೆ ಕಲಸಿದ್ದೆ. ಅವಕ್ಕೆ ಪಟ್ಟಿಯಲ್ಲಿ ಹೆಸರು ಕೊಟ್ಟಿರಲಿಲ್ಲ; ಓದಿ ಗುರುತಿಸುವಂತಿರಲಿಲ್ಲ. ಅವರು ಹೋದ ಮೇಲೆ ತಿದ್ದಲು ಹೋಗಿ ಮೈಯ ಬಣ್ಣ ಕೊಕ್ಕಿಗೆ, ಕೊಕ್ಕಿನದು ಮೈಗೆ — ಅದಲುಬದಲಾಯಿತು. ನನಗೆ ಕಾಣಲಿಲ್ಲ. ಪುಟಗಳು ಸೊಲ್ಲಾಪುರದ ಪ್ರೆಸ್ಸಿಗೆ ಹೋದವು.

ಪುಸ್ತಕ ಬಂದ ದಿನ ಶಾಲೆಯ ಹುಡುಗಿಯರು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಹೆಡ್ ಮಾಸ್ತರು ನಮ್ಮಿಬ್ಬರನ್ನೂ ತಮ್ಮ ಖೋಲಿಗೆ ಕರೆಸಿದರು. ಇದು ಯಾರ ಕೆಲಸ ಎಂದು ಕೇಳಿದಾಗ ನನ್ನ ಬಾಯಿಂದ ಬಂದ ಮಾತು —

"ಟೀಚರು ಹೆಂಗ ಹೇಳಿದ್ರೋ ಹಂಗ ಮಾಡೇನ್ರಿ."

ಹೆಡ್ ಮಾಸ್ತರು ಅವರತ್ತ ತಿರುಗಿದರು. "ಬಣ್ಣ ಕಲಿಸೋರಿಗೇ ಬಣ್ಣ ಗೊತ್ತಿಲ್ಲೇನ್ರಿ?"

ಟೀಚರ್ ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ, ಗಲಿಬಿಲಿ ಇತ್ತು. "ನಾ ನೋಡಿದ್ನಲ್ಲ... ಸರಿ ಇತ್ತಲ್ಲ..." ಎಂದು ಆ ಪುಟವನ್ನು ಮತ್ತೆ ಮತ್ತೆ ನೋಡಿದರು. ಹೆಡ್ ಮಾಸ್ತರು ಪುಸ್ತಕಗಳನ್ನು ಶಾಲೆಯ ಮೂಲೆಯ ಖೋಲಿಯಲ್ಲಿಟ್ಟು ಬೀಗ ಹಾಕಿದರು.

ನನ್ನ ಕೆಲಸ ಉಳಿಯಿತು. ಏಳೆಂಟು ವರ್ಷಗಳು ಕಳೆದವು. ಈಚೆಗೆ ಅದೇ ಶಾಲೆಯ ಹುಡುಗಿಯೊಬ್ಬಳು ಅಂಗಡಿಗೆ ಬಂದವಳು ಮಾತಿಗೆ ಮಾತು ಬಂದು ಹೇಳಿದಳು: "ನಮ್ಮ ಶಾಂತಾಬಾಯಿ ಟೀಚರು ತಾವು ಚಿತ್ರ ತಗಿಯೋದು ಬಿಟ್ಟಾರ್ರಿ. ಕ್ಲಾಸಿನಾಗ ಬಣ್ಣ ಹಚ್ಚೋ ಮೊದಲು ನಮಗ ಕೇಳ್ತಾರ — ಇದು ಕೆಂಪ ಹೌದಲ್ಲ, ಅಂತ."

ಅವರಿಗೆ ಅವಮಾನವಾಯಿತೆಂದು ಮಾತ್ರ ನಾನು ತಿಳಿದಿದ್ದೆ. ಅವರು ತಮ್ಮ ಕಣ್ಣನ್ನೇ ನಂಬದಂತೆ ಮಾಡಿದ್ದೆನಲ್ಲ — ಅದು ಗೊತ್ತಿರಲಿಲ್ಲ.

ಮರುದಿನವೇ ಸರಸಂಬಾಕ್ಕೆ ಹೋದೆ. ಟೀಚರ್ ಅಂಗಳದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದರು. ನಿಂತಲ್ಲಿಯೇ ಎಲ್ಲವನ್ನೂ ಹೇಳಿದೆ. ಅವರು ಮೊರ ಕೆಳಗಿಟ್ಟರು. ಕೇಳಿದ್ದು ಒಂದೇ:

"ಹಂಗಾರ ನನ್ನ ಕಣ್ಣು ಸರಿ ಅದಾವ?"

"ಸರಿ ಅದಾವ್ರಿ. ನನ್ನವೇ ಸರಿ ಇಲ್ಲ."

ಅವರ ಮುಖದಲ್ಲಿ ಮೊದಲು ಬಂದದ್ದು ನಗು — ಬಿಡುಗಡೆಯ ನಗು. ಸಿಟ್ಟು ಆಮೇಲೆ. "ಇಷ್ಟ ವರ್ಷ ಬಾಯಿ ಮುಚ್ಚಿಕೊಂಡು ಹೆಂಗ ಕುಂತಿ? ನನಗಷ್ಟ ಹೇಳಿದ್ರ ಸಾಲದು. ಹೆಡ್ ಮಾಸ್ತರಿಗೂ ಹೇಳ್ಬೇಕು. ನಾನೂ ಬರ್ತೇನಿ, ನೀ ಹೇಳೋದು ನಾ ಕೇಳ್ಬೇಕು."

ನಾನು ಕ್ಷಮೆ ಕೇಳಲಿಲ್ಲ. ಕೇಳುವ ಮುಖ ನನಗಿಲ್ಲ. ಅಂಗಡಿಯ ಮಾಲಕರಿಗೂ ನನ್ನ ಕಣ್ಣಿನ ವಿಷಯ ತಿಳಿಸಿದ್ದೇನೆ. ಹೆಡ್ ಮಾಸ್ತರು ನಿವೃತ್ತರಾಗಿ ಈಗ ಅಫಜಲಪುರದಲ್ಲಿದ್ದಾರೆ. ನಾಳೆ ಮುಂಜಾನೆಯ ಬಸ್ಸಿಗೆ ಇಬ್ಬರೂ ಹೋಗುತ್ತೇವೆ. ಅಲ್ಲಿಂದ ಬಂದ ಮೇಲೆ ಪುಸ್ತಕವನ್ನು ಮತ್ತೆ ಮಾಡಬೇಕು ಎಂದಿದ್ದಾರೆ ಟೀಚರ್. ಪುಟ ಜೋಡಿಸುವುದು ನಾನು. ಬಣ್ಣ ಅವರೇ ತುಂಬುತ್ತಾರಂತೆ, ಮೌಸ್ ಹಿಡಿಯುವುದನ್ನು ನಾನು ಕಲಿಸಬೇಕಂತೆ.