ಮೊದಲ ಸ್ವಿಚ್ಚು ಯಾರು ಹಾಕಬೇಕು

ಬಲ್ಬು ಬದಲಾಯಿಸುವ ಮೊದಲು ನಾನು ಸ್ವಿಚ್ಚನ್ನು ಆಫ್ ಮಾಡುತ್ತೇನೆ. ಆಮೇಲೆ ಮೇನನ್ನೂ ಆಫ್ ಮಾಡುತ್ತೇನೆ. ಆಮೇಲೆ ಹೆಂಡತಿಯನ್ನು ಕರೆದು, ಎರಡೂ ಆಫ್ ಆಗಿವೆಯೇ ನೋಡು ಎನ್ನುತ್ತೇನೆ. ಅವಳು ನೋಡಿ ಹೌದು ಎಂದ ಮೇಲೆ ಹೊಸ ಬಲ್ಬನ್ನು ಅವಳ ಕೈಗೇ ಕೊಡುತ್ತೇನೆ. ವಿಶ್ವವಿದ್ಯಾಲಯದಲ್ಲಿ ಎಂ.ಎ. ಮಾಡಿ, ಕೋಲಾರದ ಕಾಲೇಜೊಂದರಲ್ಲಿ ಇತಿಹಾಸ ಹೇಳಿ ನಿವೃತ್ತನಾದವನಿಗೆ ವಿದ್ಯುತ್ತಿನ ಜೊತೆಗಿರುವ ಸಂಬಂಧ ಇಷ್ಟೇ.

ಇಂಥವನು ಎಲೆಕ್ಟ್ರಿಷಿಯನ್ನರು ಹೇಗೆ ಕಲಿಯಬೇಕು ಎಂಬ ವಿಷಯದಲ್ಲಿ ಬಾಯಿ ಹಾಕಬಾರದು. ನಾನೂ ಹಾಕುತ್ತಿರಲಿಲ್ಲ. ಆದರೆ ಹೋದ ಬೇಸಿಗೆಯಲ್ಲಿ ಶ್ರೀನಿವಾಸಪುರದ ನಮ್ಮ ಮನೆಯ ಮೇಲೆ ಒಂದು ಕೋಣೆ ಕಟ್ಟಿಸಿದೆವು. ಗೋಡೆ ಎದ್ದ ಮೇಲೆ ವೈರಿಂಗ್ ಮಾಡುವವರು ಬೇಕಾದರು. ಕೆಳಗಿನ ಮನೆಗೆ ವೈರಿಂಗ್ ಮಾಡಿದ್ದ ವೆಂಕಟರವಣಪ್ಪನವರಿಗೇ ಹೇಳಿ ಕಳಿಸಿದೆ. ಅವರು ಬಂದರು. ಜೊತೆಗೆ ಮಗಳು ಭಾಗ್ಯಳೂ ಬಂದಳು, ಹೆಗಲಿಗೆ ಒಂದು ಚೀಲ ಹಾಕಿಕೊಂಡು.

"ಮಂಡಿ ನೋವು ಮೇಷ್ಟ್ರೇ, ಏಣಿ ಹತ್ತಾಕಾಗಲ್ಲ" ಎಂದರು ವೆಂಕಟರವಣಪ್ಪ. "ಇವಳು ಮಾಡ್ತೀನಿ ಅಂತಾಳೆ. ಕೋರ್ಸು ಮಾಡವಳೆ."

ಕೋರ್ಸು ಎಂಬ ಪದವನ್ನು ಅವರು ಕಹಿ ಮಾತ್ರೆಯನ್ನು ನೀರಿಲ್ಲದೆ ನುಂಗುವವರ ಹಾಗೆ ಹೇಳಿದರು.

ಭಾಗ್ಯ ಬಿ.ಎ. ಮುಗಿಸಿ, ಮಾಲೂರಿನಲ್ಲಿ ಮೂರು ತಿಂಗಳ ವೈರಿಂಗ್ ತರಬೇತಿ ಪಡೆದಿದ್ದಳು. ದಿನವೂ ಕೋಲಾರದಲ್ಲಿ ಬಸ್ಸು ಬದಲಿಸಿ ಹೋಗಿಬರುತ್ತಿದ್ದಳು. ಅಪ್ಪ ಆ ಕೋರ್ಸನ್ನು ಒಪ್ಪಿದವರಲ್ಲ. ಆದರೂ ಮೂರು ತಿಂಗಳೂ ಬೆಳಿಗ್ಗೆ ಅವಳನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟು ಬರುತ್ತಿದ್ದವರು ಅವರೇ. ಈಗ ಮನೆಯಲ್ಲಿ ಒಂದು ತೀರ್ಮಾನವಾಗಿತ್ತು. ನರಸಾಪುರದ ಕಡೆ ಒಂದು ಫ್ಯಾಕ್ಟರಿಯಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು, ಕರೆದೊಯ್ಯಲು ಬಸ್ಸು ಊರಿಗೇ ಬರುತ್ತಿತ್ತು. ಭಾಗ್ಯಳಿಗೆ ಅದು ಬೇಡ, ವೈರಿಂಗೇ ಬೇಕು. ತಾಯಿ ಮಧ್ಯದ ದಾರಿ ಹುಡುಕಿದ್ದರು: ಒಂದು ಮನೆಯ ಕೆಲಸವನ್ನು ಅವಳೊಬ್ಬಳೇ ಮಾಡಿ ಮುಗಿಸಲಿ, ಅದನ್ನು ನೋಡಿ ಅವರಪ್ಪ ಸರಿ ಎನ್ನಲಿ. ಇಲ್ಲದಿದ್ದರೆ ಬರುವ ತಿಂಗಳಿಂದ ಫ್ಯಾಕ್ಟರಿ ಬಸ್ಸು.

ಆ ಒಂದು ಮನೆ ನಮ್ಮದು ಎಂದು ನನಗೆ ಅರ್ಥವಾಗುವ ಹೊತ್ತಿಗೆ ಹೆಂಡತಿ ಸರೋಜ ಕಾಫಿ ಕೊಟ್ಟು, "ಒಳ್ಳೇ ದಿನ ನೋಡಿ ಶುರು ಮಾಡಮ್ಮ" ಎಂದುಬಿಟ್ಟಿದ್ದಳು.

ವೆಂಕಟರವಣಪ್ಪ ಕಲಿತದ್ದು ಮುಳಬಾಗಿಲಿನ ಒಬ್ಬ ಮೇಸ್ತ್ರಿಯ ಕೈಕೆಳಗೆ. ಏಣಿ ಹಿಡಿದು, ಟೀ ತಂದು, ಗೋಡೆ ಕೊರೆದು ವರ್ಷಗಟ್ಟಲೆ ಕಳೆದ ಮೇಲೆ ವೈರು ಕತ್ತರಿಸುವ ಕಟಿಂಗ್ ಪ್ಲೇಯರ್ ಕೈಗೆ ಬಂತಂತೆ. ಮೇಸ್ತ್ರಿ ಏನನ್ನೂ ಬಾಯಿಬಿಟ್ಟು ಹೇಳುತ್ತಿರಲಿಲ್ಲವಂತೆ. ಶಿಷ್ಯ ತಪ್ಪು ವೈರಿಗೆ ಕೈ ಹಾಕುವುದನ್ನು ಬೀಡಿ ಸೇದುತ್ತಾ ನೋಡುತ್ತಿದ್ದು, ಅವನು ಷಾಕ್ ಹೊಡೆಸಿಕೊಂಡು ಕೂಗಿದ ಮೇಲೆ "ಗೊತ್ತಾಯ್ತಾ?" ಎನ್ನುತ್ತಿದ್ದರಂತೆ.

"ಆಮೇಲೆ ಆ ವೈರು ಮರೆಯೋದುಂಟಾ ಮೇಷ್ಟ್ರೇ?"

"ನಮಗೆ ಮೊದಲನೇ ದಿನ ಹೇಳ್ಕೊಟ್ಟಿದ್ದೇ ಷಾಕ್ ಹೊಡೆಸ್ಕೊಳ್ದೆ ಇರೋದು ಹೆಂಗೆ ಅಂತ" ಎಂದಳು ಭಾಗ್ಯ. "ರಬ್ಬರ್ ಚಪ್ಪಲಿ ಹಾಕ್ಕೊಳ್ದೆ ಬೋರ್ಡ್ ಹತ್ರ ಹೋಗ್ಬಾರ್ದು ಸಾರ್. ಅಪ್ಪ ಇಷ್ಟು ವರ್ಷ ಬರೀ ಕಾಲಲ್ಲೇ ಮಾಡವ್ರೆ."

"ನಿಂಗೆ ಒಂದ್ಸಲನಾದ್ರೂ ಹೊಡೆದೈತೇನಮ್ಮಾ?"

"ಇಲ್ಲಪ್ಪಾ."

"ನೋಡಿ ಮೇಷ್ಟ್ರೇ. ಪಾಠ ಇನ್ನೂ ಶುರುನೇ ಆಗಿಲ್ಲ."

ಅಪ್ಪ ಮಗಳು ಮನೆಯಲ್ಲಿ ತೆಲುಗಾಡುವವರು. ನನ್ನ ಮುಂದೆ ಕನ್ನಡದಲ್ಲಿ ಜಗಳವಾಡುತ್ತಿದ್ದುದು ನನಗೆ ತಿಳಿಯಲಿ ಎಂಬ ಸೌಜನ್ಯದಿಂದ. ನಾನು ಎರಡೂ ಕಡೆ ತಲೆಯಾಡಿಸಿದೆ. ಮೂವತ್ತು ವರ್ಷ ಸಿಬ್ಬಂದಿ ಸಭೆಗಳಲ್ಲಿ ಕೂತು ಕಲಿತದ್ದು ಅದೊಂದೇ ಕಸುಬು, ಅದನ್ನಂತೂ ಯಾವ ಕೋರ್ಸಿನಲ್ಲೂ ಹೇಳಿಕೊಡುವುದಿಲ್ಲ.

ಕೋರ್ಸುಗಳಿಗೆ ನಾನೂ ಹೋದವನೇ. ಕೆಲಸದಲ್ಲಿದ್ದಾಗ ಒಮ್ಮೆ ಬೋಧನೆಯ ತರಬೇತಿಗೆಂದು ಕೆಲವು ವಾರ ಕಳಿಸಿದ್ದರು. ಅಲ್ಲಿ ಕಲಿತದ್ದರಲ್ಲಿ ಈಗ ನೆನಪಿರುವುದು ಮಧ್ಯಾಹ್ನದ ಬೀಟ್ರೂಟ್ ಪಲ್ಯ ಮಾತ್ರ. ಹಾಗೆಂದು ಅಲ್ಲಿ ಏನೂ ಕಲಿಯಲಿಲ್ಲ ಎನ್ನಲಾರೆ, ನೆನಪಿಲ್ಲ ಎನ್ನಬಲ್ಲೆ ಅಷ್ಟೇ. ಅದಕ್ಕೂ ಮೊದಲು ಪಾಠ ಹೇಳುವುದನ್ನು ನಾನು ಮುಳಬಾಗಿಲಿನ ಮೇಸ್ತ್ರಿಯ ಪದ್ಧತಿಯಲ್ಲೇ ಕಲಿತಿದ್ದೆ. ವ್ಯತ್ಯಾಸವೆಂದರೆ, ತಪ್ಪು ವೈರು ಮುಟ್ಟಿದವನು ನಾನು, ಷಾಕ್ ಹೊಡೆಸಿಕೊಂಡವರು ಮೊದಲ ವರ್ಷದ ವಿದ್ಯಾರ್ಥಿಗಳು.

ಇತಿಹಾಸದವನಾದ್ದರಿಂದ ಹಳೆಯ ಪದ್ಧತಿಯ ಪರವಾಗಿ ನಾನು ವಾದಿಸಬೇಕೆಂದು ಜನ ಬಯಸುತ್ತಾರೆ. ಆವಣಿಯ ದೇವಸ್ಥಾನದ ಕಂಬಗಳನ್ನು ನೋಡಿ, ಅದನ್ನು ಕೆತ್ತಿದವರು ಯಾವ ಕೋರ್ಸಿಗೆ ಹೋಗಿದ್ದರು ಎಂದು ಕೇಳುತ್ತಾರೆ. ಒಳ್ಳೆಯ ಪ್ರಶ್ನೆಯೇ. ಆದರೆ ಕೆತ್ತಲು ಬಂದು, ಸುತ್ತಿಗೆಯಿಂದ ಬೆರಳು ಜಜ್ಜಿಸಿಕೊಂಡು, ಬೈಸಿಕೊಂಡು, ಅರ್ಧಕ್ಕೇ ಊರಿಗೆ ಓಡಿಹೋದ ಹುಡುಗರ ವಿಷಯ ಆ ಕಂಬಗಳು ಹೇಳುವುದಿಲ್ಲ. ಉಳಿದುಕೊಂಡ ಕಂಬಗಳನ್ನಷ್ಟೇ ನೋಡಿ ಎಲ್ಲ ಶಿಷ್ಯರೂ ಹಾಗೇ ಇದ್ದರೆಂದು ನಾವು ತಿಳಿಯುತ್ತೇವೆ. ವೆಂಕಟರವಣಪ್ಪನವರನ್ನು ಕೇಳಿದೆ, ಮೇಸ್ತ್ರಿಯ ಹತ್ತಿರ ನಿಮ್ಮ ಜೊತೆ ಕಲಿತವರು ಈಗೆಲ್ಲಿದ್ದಾರೆ ಎಂದು. "ಒಬ್ಬ ಕೋಳಿ ಅಂಗಡಿ ಇಟ್ಟವ್ನೆ" ಎಂದರು.

ಸರೋಜಳ ತವರು ಯಲ್ದೂರು, ಮಾವಿನ ತೋಟದವರು. ಅವಳಿಗೆ ಹಿಡಿಸಲೆಂದು ಒಂದು ಸಂಜೆ ಹೇಳಿದೆ: ಮೇಸ್ತ್ರಿಯ ಕೈಕೆಳಗೆ ಕಲಿತವನು ಬೀಜದಿಂದ ಬೆಳೆದ ಮಾವಿನ ಮರ, ಹಣ್ಣು ಬಿಡುವುದು ತಡ, ಬಾಳುವುದು ಹೆಚ್ಚು; ಕೋರ್ಸಿನಲ್ಲಿ ಕಲಿತವನು ಕಸಿ ಗಿಡ, ಬೇಗ ಹಣ್ಣು ಬಿಡುತ್ತದೆ. ಹೋಲಿಕೆ ಚೆನ್ನಾಗಿದೆ ಎಂದು ನನಗೇ ಅನ್ನಿಸಿತು. ಅವಳು ಅಕ್ಕಿ ಆರಿಸುತ್ತಿದ್ದಳು. "ಕಸಿ ಯಾವುದಕ್ಕೆ ಕಟ್ತಾರೆ? ಬೀಜದ ಗಿಡಕ್ಕೇ ತಾನೆ?" ಎಂದಳು. ಹೋಲಿಕೆಯನ್ನು ಅಲ್ಲಿಗೇ ಬಿಟ್ಟೆ.

ಕೆಲಸ ಶುರುವಾಯಿತು. ವೆಂಕಟರವಣಪ್ಪ ತಾವು ತಲೆ ಹಾಕುವುದಿಲ್ಲ ಎಂದು ಹೇಳಿ, ದಿನವೂ ಬಂದು, ನಮ್ಮ ಪಡಸಾಲೆಯ ಕುರ್ಚಿಯಲ್ಲಿ ಕೂತು, ಬೆಳಗಿನಿಂದ ಸಂಜೆಯವರೆಗೆ ತಲೆ ಹಾಕದೇ ಇದ್ದರು. ಮೇಲಿಂದ ಗೋಡೆ ಕೊರೆಯುವ ಮೆಷಿನ್ನಿನ ಸದ್ದು ಬಂದರೆ ಕಣ್ಣು ಮುಚ್ಚಿ ಕೇಳುತ್ತಿದ್ದರು. ಸದ್ದು ನಿಂತರೆ "ಯಾಕೆ ನಿಲ್ಲಿಸಿದ್ಲು?" ಎನ್ನುತ್ತಿದ್ದರು. ಮತ್ತೆ ಶುರುವಾದರೆ "ಇನ್ನೂ ಎಷ್ಟು ಕೊರೀತಾಳೆ?" ಎನ್ನುತ್ತಿದ್ದರು. ಅವಳು ಮುಗಿಸಿದ ಗೋಡೆಯನ್ನೆಲ್ಲ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳುತ್ತಿದ್ದುದು ಅವರಿಗೆ ತಮಾಷೆಯಾಗಿತ್ತು.

"ಯಾವ ಮನೇಲಿ ಪೈಪು ಎಲ್ಲೆಲ್ಲಿ ಹೋಗೈತೆ ಅಂತ ನಂಗೆ ಇಲ್ಲೈತೆ ಮೇಷ್ಟ್ರೇ" ಎಂದು ತಲೆ ಮುಟ್ಟಿ ತೋರಿಸಿದರು. "ಫೋಟೋ ಯಾಕೆ?"

ಇದರ ಪರೀಕ್ಷೆ ಬೇಗನೇ ಬಂತು. ಮೇಲಿನ ಕೋಣೆಗೆ ಕೆಳಗಿನಿಂದ ವೈರು ಎಳೆಯಬೇಕಿತ್ತು. ಮುಂದೆ ಮಹಡಿ ಕಟ್ಟಿದರೆ ಬೇಕಾಗುತ್ತದೆಂದು, ಕೆಳಗಿನ ಮನೆ ಕಟ್ಟಿದಾಗಲೇ ವೆಂಕಟರವಣಪ್ಪ ಗೋಡೆಯೊಳಗೆ ಒಂದು ಖಾಲಿ ಪೈಪು ಬಿಟ್ಟಿದ್ದರು. ಅದರ ಮೇಲಿನ ತುದಿ ತಾರಸಿಗೆ ಗಾರೆ ಹಾಕಿದಾಗ, ಕೆಳಗಿನ ತುದಿ ಬಣ್ಣಕ್ಕೆ ಮುಂಚೆ ಗೋಡೆಯ ತೂತುಗಳಿಗೆ ಗಾರೆ ಮೆತ್ತಿದಾಗ ಮುಚ್ಚಿಹೋಗಿತ್ತು. ಪೈಪು ಇದೆಯೆಂಬುದು ಎಲ್ಲರಿಗೂ ಗೊತ್ತು. ಎಲ್ಲಿದೆಯೆಂಬುದು ವೆಂಕಟರವಣಪ್ಪನವರಿಗೆ ಗೊತ್ತು. ಮೆಟ್ಟಿಲಿನ ಪಕ್ಕದ ಗೋಡೆಯ ಮೇಲೆ ಬೆರಳಿಟ್ಟು "ಇಲ್ಲಿ" ಎಂದರು. ಭಾಗ್ಯ ಒಡೆದಳು. ಇಟ್ಟಿಗೆ ಇತ್ತು.

ಇನ್ನೊಂದು ಗೇಣು ಆಚೆ ಒಡೆಸಿದರು. ಅಲ್ಲೂ ಇಟ್ಟಿಗೆಯೇ ಇತ್ತು.

ಅವರ ಮುಖ ನೋಡಲಾರದೆ ನಾನು ನೆರವಿಗೆ ಬಂದೆ. ನನ್ನ ನೆನಪಿನ ಪ್ರಕಾರ ಆ ಪೈಪು ದೇವರ ಕೋಣೆಯ ಪಕ್ಕದಲ್ಲಿತ್ತು. ಅದನ್ನು ಕೂರಿಸುವಾಗ ನಾನು ಎದುರಿಗೇ ನಿಂತಿದ್ದೆ, ಆಗಿನ್ನೂ ಬದುಕಿದ್ದ ನನ್ನ ಅಮ್ಮ ದೇವರ ಪಟ ಅಲ್ಲಾಡೀತು ಎಂದು ಗದರಿದ್ದಳು, ಎಲ್ಲ ಕಣ್ಣಿಗೆ ಕಟ್ಟಿದಂತಿದೆ ಎಂದೆ. ಒಡೆದರು. ನನ್ನ ಕಣ್ಣಿಗೆ ಕಟ್ಟಿದ ಚಿತ್ರಕ್ಕೂ ಆ ಗೋಡೆಗೂ ಸಂಬಂಧವೇ ಇರಲಿಲ್ಲ. ಗೃಹಪ್ರವೇಶಕ್ಕೂ ಮುಂಚೆ ಆ ಮನೆಯಲ್ಲಿ ದೇವರ ಪಟ ಎಲ್ಲಿಂದ ಬರಬೇಕು ಎಂದು ಸರೋಜ ಆಮೇಲೆ ಕೇಳಿದಳು. ನಾನು ದಿನಚರಿ ಬರೆಯುವುದು ಇದಕ್ಕೇ. ನನ್ನ ನೆನಪು ಸುಳ್ಳು ಹೇಳುವಾಗ ವಿವರಗಳನ್ನು ಧಾರಾಳವಾಗಿ ಕೊಡುತ್ತದೆ.

ಇಬ್ಬರು ಹಿರಿಯರ ನೆನಪಿನ ಗುರುತುಗಳು ಗೋಡೆಗಳ ಮೇಲೆ ಉಳಿದವು. ದೇವರ ಕೋಣೆಯ ಪಕ್ಕದ್ದಕ್ಕೆ ಸರೋಜ ಕ್ಯಾಲೆಂಡರ್ ನೇತುಹಾಕಿದಳು. ವೆಂಕಟರವಣಪ್ಪ ಪಡಸಾಲೆಯ ಕುರ್ಚಿಗೆ ವಾಪಸು ಹೋಗದೆ ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತರು.

ಭಾಗ್ಯ ಹಜಾರದಲ್ಲಿ ಒಂದು ಸುತ್ತು ಬಂದಳು. ಮುಂಬಾಗಿಲಿನ ಪಕ್ಕದ ಹಳೆಯ ಸ್ವಿಚ್ ಬೋರ್ಡಿನ ಮುಂದೆ ನಿಂತಳು. ಮಕ್ಕಳ ಕೈಗೆ ಸಿಗಬಾರದೆಂದು ಆ ಕಾಲದಲ್ಲಿ ಬೋರ್ಡುಗಳನ್ನು ಎತ್ತರದಲ್ಲಿ ಕೂರಿಸುತ್ತಿದ್ದರು.

"ಸಾರ್, ಇದರ ಮೇಲ್ಗಡೆ ಒಡೀಲಾ?"

"ಯಾಕಮ್ಮ?"

"ಚಿಕ್ಕವಳಿದ್ದಾಗ ಅಪ್ಪ ನನ್ನ ಎತ್ಕೊಂಡು ಈ ಬೋರ್ಡಲ್ಲಿ ಸ್ವಿಚ್ ಹಾಕ್ಸಿದ್ರು. ಮೇಲ್ಗಡೆ ಪೈಪಿನ ಬಾಯಿಗೆ ಪೇಪರ್ ತುರುಕಿತ್ತು. ಕಿತ್ಕೊಳ್ಳೋಕೆ ಹೋದೆ, ಬೈಸ್ಕೊಂಡೆ. ಅದಕ್ಕೇ ನೆನಪಿರೋದು."

ಎರಡು ಏಟಿಗೆ ಪೈಪು ಕಾಣಿಸಿತು. ಬಾಯಿಯಲ್ಲಿ ಹಳದಿಗಟ್ಟಿದ ಪತ್ರಿಕೆಯ ಉಂಡೆ ಇತ್ತು. ವೆಂಕಟರವಣಪ್ಪ ಕಟ್ಟೆಯಿಂದ ಎದ್ದು ಬಂದು, ಉಂಡೆಯನ್ನು ತೆಗೆದು, ಬಿಡಿಸಿ ಓದಲು ನೋಡಿ, ಮಡಿಸಿ ಜೇಬಿಗೆ ಹಾಕಿಕೊಂಡರು.

ಭಾಗ್ಯಳಿಂದಲೇ ತಿಳಿದದ್ದು ಇದು. ಅವರಪ್ಪ ಯಾವ ಮನೆಗೆ ವೈರಿಂಗ್ ಮಾಡಿದರೂ, ಕರೆಂಟು ಕೊಟ್ಟ ದಿನ ಮೊದಲ ಸ್ವಿಚ್ಚನ್ನು ಮನೆಯ ಯಜಮಾನರಿಂದ ಹಾಕಿಸುತ್ತಿರಲಿಲ್ಲ. ವೈರಿಂಗ್ ಮಾಡಿದವನ ಮನೆಯವರೇ ಹಾಕಬೇಕು, ಅದು ಮುಳಬಾಗಿಲಿನ ಮೇಸ್ತ್ರಿಯಿಂದ ಬಂದ ಪದ್ಧತಿ. ತನ್ನ ಮನೆಯವರ ಬೆರಳು ಮೊದಲು ಅಲ್ಲಿಗೆ ಹೋಗುತ್ತದೆಂದು ಗೊತ್ತಿದ್ದವನು ಕೆಲಸದಲ್ಲಿ ಸಡಿಲ ಬಿಡುವುದಿಲ್ಲ. ಮೇಸ್ತ್ರಿ ಹೆಂಡತಿಯನ್ನು ಕರೆತರುತ್ತಿದ್ದರಂತೆ. ವೆಂಕಟರವಣಪ್ಪ ಮಗಳನ್ನು ಎತ್ತಿಕೊಂಡು ಬರುತ್ತಿದ್ದರು. ದೇವರಾಯಸಮುದ್ರದಿಂದ ಯಲ್ದೂರಿನವರೆಗೆ ಎಷ್ಟೋ ಮನೆಗಳ ಮೊದಲ ಬೆಳಕು ಅವಳ ಬೆರಳಿನದು.

ನಮ್ಮ ಮನೆಯ ಮೊದಲ ಸ್ವಿಚ್ಚು ಹಾಕಿದವಳು ಅಮ್ಮ ಎಂದು ನಾನು ನಂಬಿದ್ದೆ. ಅವಳು ಸೆರಗಿಗೆ ಕೈ ಒರೆಸಿಕೊಂಡದ್ದು, ಬೆಳಕು ಬಂದಾಗ ಕಣ್ಣು ಮುಚ್ಚಿದ್ದು, ಎಲ್ಲ ನೆನಪಿದೆ. ವಿವರಗಳು ಧಾರಾಳವಾಗಿವೆ.

ಪದ್ಧತಿಯ ಬಗ್ಗೆ ವೆಂಕಟರವಣಪ್ಪನವರನ್ನು ಕೇಳಿದೆ. ಗುರು ಪರಂಪರೆ, ಹೊಣೆ, ನಂಬಿಕೆ ಎಂದೆಲ್ಲ ನಾನೇ ಸ್ವಲ್ಪ ಸೇರಿಸಿ ಕೇಳಿದೆ.

"ಅದೇನೋ ಮೇಷ್ಟ್ರೇ" ಎಂದರು. "ಅವಳಮ್ಮ ಮಾವಿನಕಾಯಿ ಕೀಳೋಕೆ ಹೋಗ್ತಿದ್ಲು. ಮಗೂನ ಮನೇಲಿ ಬಿಡೋಕೆ ಯಾರೂ ಇರ್ಲಿಲ್ಲ. ಕರ್ಕೊಂಡು ಬರ್ತಿದ್ದೆ."

ಎಷ್ಟು ಪರಂಪರೆಗಳು ಹೀಗೆ, ಮಗುವನ್ನು ಬಿಡಲು ಯಾರೂ ಇಲ್ಲದ್ದರಿಂದ ಶುರುವಾದವೋ ನಾನು ಹೇಳಲಾರೆ. ನಮ್ಮ ಇತಿಹಾಸ ಶಾಸ್ತ್ರದಲ್ಲಿ ಅದಕ್ಕೆ ಆಧಾರ ಸಿಗುವುದಿಲ್ಲ. ಆದರೆ ಅದನ್ನು ಕೇಳಿದ ಮೇಲೆ ಮೂರು ತಿಂಗಳ ಕೋರ್ಸು ಎಂದು ಹೇಳಲು ನನಗೆ ಸ್ವಲ್ಪ ಕಷ್ಟವಾಗತೊಡಗಿತು. ಅವಳು ಯಾವಾಗ ಕಲಿಯಲು ಶುರು ಮಾಡಿದಳೆಂದು ಯಾರು ಲೆಕ್ಕ ಹಾಕುತ್ತಾರೆ.

ಕರೆಂಟು ಕೊಡುವ ದಿನ ಬಂತು. ಭಾಗ್ಯ ಬೆಳಗಿನಿಂದ ಮೀಟರು ಹಿಡಿದು ಪ್ರತಿಯೊಂದು ಪಾಯಿಂಟನ್ನೂ ನೋಡಿದಳು. ನೋಡಿದ್ದನ್ನೇ ಮತ್ತೆ ನೋಡಿದಳು. ಫ್ಯಾಕ್ಟರಿ ಬಸ್ಸಿನವರು ಹಿಂದಿನ ದಿನ ಫೋನು ಮಾಡಿ, ಬರುತ್ತೀಯೋ ಇಲ್ಲವೋ ಎಂದು ಕೇಳಿದ್ದರಂತೆ. ನಾಳೆ ಹೇಳ್ತೀನಿ ಎಂದಿದ್ದಳಂತೆ. ತಾಯಿಯೂ ಬಂದಿದ್ದರು. ಸರೋಜಳ ಪಕ್ಕ ನಿಂತು, ಯಾರ ಕಡೆಯೂ ನೋಡದೆ ಹೊಸ ಬಾಗಿಲಿನ ಪಾಲಿಶ್ ನೋಡುತ್ತಿದ್ದರು.

ವೆಂಕಟರವಣಪ್ಪ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು, ಒಂದೊಂದೇ ಮೆಟ್ಟಿಲು ಹತ್ತಿ ಬಂದರು. ಕೋಣೆಯ ನೆಲಕ್ಕೆ ಸಿಮೆಂಟು ಹಾಕಿ ನೀರು ಕಟ್ಟಿದ್ದ ತೇವ ಇನ್ನೂ ಆರಿರಲಿಲ್ಲ. ಅವರು ಗೋಡೆಗಳನ್ನು ನೋಡಿದರು, ಬೋರ್ಡನ್ನು ನೋಡಿದರು. ಒಂದು ಸ್ಕ್ರೂ ಮುಟ್ಟಿ ನೋಡಿದರು. ಅದು ಗಟ್ಟಿಯಾಗಿಯೇ ಇತ್ತು, ಅವರಿಗೆ ಸ್ವಲ್ಪ ಬೇಸರವಾದಂತೆ ಕಂಡಿತು. ಮೊದಲ ಸ್ವಿಚ್ಚು ಹಾಕಬೇಕಾದವರು ವೈರಿಂಗ್ ಮಾಡಿದವಳ ಮನೆಯವರು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಅವರೇ ಮುಂದೆ ಬಂದು ಕೈ ಎತ್ತಿದರು.

"ಅಪ್ಪಾ, ಚಪ್ಪಲಿ ಹಾಕ್ಕೋ" ಎಂದಳು ಭಾಗ್ಯ. "ನೆಲ ಒದ್ದೆ ಐತೆ."

ವೆಂಕಟರವಣಪ್ಪ ತಮ್ಮ ಕಾಲು ನೋಡಿಕೊಂಡರು. ಆಮೇಲೆ ಮಗಳನ್ನು ನೋಡಿದರು.

"ವೈರಿಂಗ್ ನಿಂದೇ ತಾನೆ?"

"ಹೂಂ."

"ಮತ್ತೆ ಚಪ್ಪಲಿ ಯಾಕೆ?"

ಸ್ವಿಚ್ಚು ಹಾಕಿದರು. ದೀಪ ಹತ್ತಿತು. ಅವರು ಅದನ್ನು ಸ್ವಲ್ಪ ಹೊತ್ತು ನೋಡಿ, "ಪರವಾಲೇದು" ಎಂದರು. ತೆಲುಗಿನಲ್ಲಿ ಅದು ಪರವಾಗಿಲ್ಲ ಎನ್ನುವಷ್ಟೇ ಮಾತು. ಭಾಗ್ಯಳ ತಾಯಿ ಮಾತ್ರ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಭಾಗ್ಯ ಮೀಟರನ್ನು ಚೀಲಕ್ಕೆ ಹಾಕಿ, ಫೋನು ತೆಗೆದುಕೊಂಡು, ಬಸ್ಸಿನವರಿಗೆ ಬರುವುದಿಲ್ಲ ಎಂದು ಹೇಳಲು ಹೊರಗೆ ಹೋದಳು.

ಇದನ್ನೆಲ್ಲ ನಾನು ಬಾಗಿಲ ಹೊರಗಿನಿಂದ, ರಬ್ಬರ್ ಚಪ್ಪಲಿ ಹಾಕಿಕೊಂಡು ನೋಡಿದೆ. ಸಂಜೆಯೇ ದಿನಚರಿಯಲ್ಲಿ ಬರೆದಿಟ್ಟೆ. ಇಲ್ಲದಿದ್ದರೆ ಇನ್ನು ಹತ್ತು ವರ್ಷಕ್ಕೆ ಈ ಸ್ವಿಚ್ಚನ್ನೂ ಅಮ್ಮನೇ ಹಾಕಿದಳೆಂದು ನನಗೆ ನೆನಪಾಗಿಬಿಡುತ್ತದೆ, ಸೆರಗಿಗೆ ಕೈ ಒರೆಸಿಕೊಂಡು.