ಹುಳಿ ಬಿಯರನ್ನು ತಳದವರೆಗೆ ಕುಡಿದವನು

ಲೆಸ್ಲಿ ಬಾರಕ್ಲಫ್‌ನಷ್ಟು ಮೆತ್ತಗಿನ ಮನುಷ್ಯ ನಮ್ಮ ಥಾರ್ನ್‌ಬೆಕ್ ಪೇಟೆಯಲ್ಲಿ ಇನ್ನೊಬ್ಬನಿಲ್ಲ. ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು, ಭಾನುವಾರ ಚರ್ಚಿನ ಗಂಟೆ ಬಾರಿಸುತ್ತಾನೆ. ಸಂತೆಯಲ್ಲಿ ಯಾರಾದರೂ ಅವನ ಕಾಲು ತುಳಿದರೆ ತಾನೇ ಕ್ಷಮೆ ಕೇಳುತ್ತಾನೆ.

ಅವನಿಗಿದ್ದ ಒಂದೇ ಹುಚ್ಚು ಪೀಪಾಯಿ ಬಿಯರು. ನೆಲಮಾಳಿಗೆಯ ಪೀಪಾಯಿಯಲ್ಲೇ ಹದಕ್ಕೆ ಬರುವ ಈ ಬಿಯರು ಹಾಲಿದ್ದ ಹಾಗೆ, ನೋಡಿಕೊಳ್ಳುವವರ ಕೈ ತಪ್ಪಿದರೆ ಹುಳಿಯಾಗುತ್ತದೆ. ಅದನ್ನು ಮೆಚ್ಚುವವರದೊಂದು ಸಂಘವಿದೆ. ಸದಸ್ಯರು ಪಬ್ಬುಗಳನ್ನು ಸುತ್ತಿ, ಕುಡಿದು, ಐದಕ್ಕೆ ಇಷ್ಟೆಂದು ಅಂಕ ಹಾಕಿ ಸಂಘಕ್ಕೆ ಕಳಿಸುತ್ತಾರೆ, ಯಾರು ಎಷ್ಟು ಹಾಕಿದರೆಂದು ಪಬ್ಬಿನವರಿಗೆ ತಿಳಿಯುವುದಿಲ್ಲ. ಚಳಿಗಾಲದ ಸಭೆಯಲ್ಲಿ ಆ ಅಂಕ ನೋಡಿ ಒಳ್ಳೆಯ ಪಬ್ಬುಗಳ ಹೆಸರನ್ನು ಪುಸ್ತಕಕ್ಕೆ ಸೇರಿಸುತ್ತಾರೆ. ಶನಿವಾರ ಲೀಡ್ಸ್‌ನಿಂದ ಬರುವವರು ಪುಸ್ತಕದಲ್ಲಿ ಹೆಸರಿಲ್ಲದ ಕಡೆ ಕಾಲಿಡುವುದಿಲ್ಲ.

ಹಿಂದಿನ ಬೀದಿಯ 'ಕಪ್ಪು ಟಗರು' ಎಂಬ ಪಬ್ಬು ಬಹಳ ವರ್ಷದಿಂದ ಆ ಪುಸ್ತಕದಲ್ಲಿತ್ತು. ನಡೆಸುವವಳು ಡೋರೀನ್ ಸ್ಲೇಟರ್. ಪೀಪಾಯಿ ನೋಡಿಕೊಳ್ಳುತ್ತಿದ್ದ ಅವಳ ಗಂಡ ಕೀತ್ ತೀರಿಕೊಂಡ ವಸಂತದಲ್ಲಿ, ಒಂದು ದಿನ ಲೆಸ್ಲಿ ಅಲ್ಲಿ ಲೋಟ ಎತ್ತಿದರೆ ವಿನೆಗರ್ ವಾಸನೆ. ಬಿಯರು ಕೆಟ್ಟಿದ್ದರೆ ಲೋಟ ವಾಪಸ್ ಕೊಡುವುದು ನಮ್ಮಲ್ಲಿ ವಾಡಿಕೆ. ಪಬ್ಬಿನವರು ಮೂಸಿ ನೋಡಿ, ಚೆಲ್ಲಿ, ಬೇರೆ ಕೊಡುತ್ತಾರೆ, ಯಾರೂ ಮುಖ ಕೆಡಿಸಿಕೊಳ್ಳುವುದಿಲ್ಲ. ಆದರೆ ಡೋರೀನಳ ಕಣ್ಣು ಇನ್ನೂ ಊದಿಕೊಂಡಿತ್ತು, ಸುತ್ತ ಜನವಿದ್ದರು. ಲೆಸ್ಲಿ ತಳದವರೆಗೆ ಕುಡಿದ. ಹೇಗಿದೆ ಎಂದು ಅವಳು ಕೇಳಿದ್ದಕ್ಕೆ ಚೆನ್ನಾಗಿದೆ ಎಂದ. ಮನೆಗೆ ಹೋದವನಿಗೆ ಸುಳ್ಳು ಅಂಕ ಹಾಕಲು ಮನಸ್ಸೊಪ್ಪಲಿಲ್ಲ, ಒಂದೇ ಒಂದು ಅಂಕ ಹಾಕಿದ.

ಬೇಸಿಗೆಯೆಲ್ಲ ಹೀಗೇ ನಡೆಯಿತು. ಅಲ್ಲಿ ಚೆನ್ನಾಗಿದೆ ಎನ್ನುವುದು, ಮನೆಯಲ್ಲಿ ಒಂದು ಅಂಕ ಹಾಕುವುದು. ಆ ಮೂಲೆಯ ಪಬ್ಬಿಗೆ ಸಂಘದಿಂದ ಹೋಗುತ್ತಿದ್ದವನು ಹೆಚ್ಚುಕಡಿಮೆ ಅವನೊಬ್ಬನೇ. ಚಳಿಗಾಲದಲ್ಲಿ ಕಪ್ಪು ಟಗರಿನ ಹೆಸರು ಪುಸ್ತಕದಿಂದ ಬಿಟ್ಟುಹೋಯಿತು.

ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ಚರ್ಚಿನ ಕೆಲಸ ನೋಡಿಕೊಳ್ಳುವ ನಾನು ಅಲ್ಲಿನ ಹಿತ್ತಾಳೆ ಮೇಣದಬತ್ತಿ ಕಂಬ ಉಜ್ಜುತ್ತಿದ್ದಾಗ ಲೆಸ್ಲಿ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ಇದೆಲ್ಲ ಹೇಳಿದ. ಗಿರಾಕಿಗಳು ಏನೂ ಹೇಳದೆ ಬರುವುದನ್ನೇ ನಿಲ್ಲಿಸಿದ್ದರು, ಇನ್ನೊಂದು ಬೇಸಿಗೆ ಹೀಗೇ ಹೋದರೆ ಡೋರೀನ್ ಬಾಗಿಲು ಹಾಕಬೇಕಿತ್ತು. ಹಿಂದಿನ ದಿನ ಅವಳು ಲೆಸ್ಲಿಯ ಕೈ ಹಿಡಿದುಕೊಂಡು, ಸಂಘದಲ್ಲಿ ಯಾರಿಗೋ ನನ್ನ ಮೇಲೆ ಹೊಟ್ಟೆಯುರಿ, ಚೆನ್ನಾಗಿದೆ ಎನ್ನುವವನು ನೀನೊಬ್ಬನೇ, ನೀನೇ ನನ್ನ ಪರವಾಗಿ ಮಾತಾಡಬೇಕು ಎಂದಿದ್ದಳು.

"ಸರಿಯಾದ ಅಂಕಾನೇ ಕೊಟ್ಟಿದ್ದು ಹಿಲ್ಡಾ, ದೇವರಾಣೆ. ಆದ್ರೂ ನಿದ್ದೆ ಬರ್ತಿಲ್ಲ," ಎಂದ.

ಹೇಳುವವರು ಪೂರ್ತಿ ಹೇಳಿ ಮುಗಿಸಲಿ ಎಂದು ಕಾಯುವುದು ನನ್ನ ಅಭ್ಯಾಸ. ಅವನು ಸುಮ್ಮನಾದ ಮೇಲೆ, "ಅವಳಿಗೆ ಹೇಳಿದ್ದೂ ಸರಿಯಾ?" ಎಂದಷ್ಟೇ ಕೇಳಿದೆ.

ಲೆಸ್ಲಿ ಟೋಪಿಯನ್ನು ತಿರುಗಿಸುತ್ತ ಕುಳಿತ. ಕೊನೆಗೆ, ಅವಳಿಗೆ ಹೇಳಿಬಿಡುತ್ತೇನೆ, ನೀನೂ ಜೊತೆಗೆ ಬಾ ಎಂದ.

ಮಧ್ಯಾಹ್ನದ ಹೊತ್ತು, ಪಬ್ಬು ಖಾಲಿಯಿತ್ತು. ನನ್ನನ್ನು ನೋಡಿ ಡೋರೀನ್ ನಕ್ಕಳು. "ಏನೋ ಲೆಸ್, ಚರ್ಚಿನೋರನ್ನೇ ಕರ್ಕೊಂಡ್ ಬಂದಿದೀಯ. ಅಷ್ಟೊಂದ್ ಪಾಪ ಮಾಡಿದೀಯಾ?"

ಅವನು ನಿಂತೇ ಎಲ್ಲ ಹೇಳಿದ. ಲೋಟ ಒರೆಸುತ್ತಿದ್ದ ಅವಳ ಕೈ ನಿಂತಿತು.

"ಆ ಅಂಕ ನಿಂದಾ?"

"ನಂದೇ. ಎಲ್ಲಾ ನಂದೇ."

"ಮತ್ತೆ ಲೋಟ ಖಾಲಿ ಮಾಡ್ತಿದ್ಯಲ್ಲೋ?"

"ನಿಂಗೆ ಬೇಜಾರಾಗುತ್ತೆ ಅಂತ."

"ನಾನು ಬಿಯರ್ ಮುಟ್ಟೋಳಲ್ಲ, ಅದು ನಿಂಗೊತ್ತು. ರುಚಿ ನೋಡ್ತಿದ್ದೋನು ಕೀತ್. ಅವನು ಹೋದ್ಮೇಲೆ ನಿನ್ ಮಾತ್ ಕೇಳ್ಕೊಂಡೇ ಎಲ್ಲಾ ಸರಿಯಿದೆ ಅಂದ್ಕೊಂಡೆ." ಅವಳ ದನಿ ಏರಲಿಲ್ಲ. "ಕೆಟ್ಟಿದೆ ಅಂತ ಒಂದ್ ಮಾತ್ ಹೇಳಿದ್ರೆ ಪೀಪಾಯಿನೇ ಚೆಲ್ತಿದ್ದೆ. ಅದನ್ನೇ ಊರಿಗೆಲ್ಲಾ ಮಾರ್ದೆನಲ್ಲೋ."

ಪಬ್ಬಿಗೆ ಕೇಡಾದದ್ದು ತನ್ನ ಅಂಕದಿಂದ ಎಂದೇ ಲೆಸ್ಲಿ ಅಲ್ಲಿಯವರೆಗೆ ತಿಳಿದಿದ್ದ.

ಡೋರೀನ್ ಒಂದು ಲೋಟ ತುಂಬಿ ಅವನ ಮುಂದೆ ತಳ್ಳಿದಳು. "ಈಗ ಹೇಳು."

ಅವನು ಮೂಸಿದ, ಒಂದು ಗುಟುಕು ಕುಡಿದ. ಆ ಎರಡಕ್ಷರ ಬಾಯಿಂದ ಬರುವಷ್ಟರಲ್ಲಿ ಅವನ ಕುತ್ತಿಗೆಯೆಲ್ಲ ಕೆಂಪಾಗಿತ್ತು. "ಹುಳಿ," ಎಂದ.

ಅವಳು ಲೋಟವನ್ನು ತೊಟ್ಟಿಗೆ ಸುರಿದು, ನೆಲದ ಬಾಗಿಲೆತ್ತಿ ನೆಲಮಾಳಿಗೆಗೆ ಇಳಿದಳು. ಲೆಸ್ಲಿ ಹಿಂದೆಯೇ ಇಳಿದ. ನಾನು ಮೇಲೆ ಕಾದೆ. ಬಕೆಟ್ಟಿನ ಸದ್ದು, ನೀರಿನ ಸದ್ದು ಕೇಳಿಸಿತು.

ಪೀಪಾಯಿಯಿಂದ ಬರುವ ಕೊಳವೆಗಳನ್ನು ಕೀತ್ ಸತ್ತಂದಿನಿಂದ ಯಾರೂ ತೊಳೆದಿರಲಿಲ್ಲ, ಹುಳಿಗೆ ಅದೇ ಮೂಲ. ಈಗ ಸೋಮವಾರ ಸೋಮವಾರ ಲೆಸ್ಲಿ ಹೋಗಿ ತೊಳೆಯುತ್ತಾನೆ. ಸಂಘದವರ ಮುಂದೆಯೂ ಎದ್ದು ನಿಂತು ನಡೆದದ್ದನ್ನು ಹೇಳಿದ, ಕೆಲವರು ನಕ್ಕರಂತೆ. ಬೇರೆ ಸದಸ್ಯರು ಬಂದು ಕುಡಿಯತೊಡಗಿದ್ದಾರೆ, ಬಾಗಿಲಂತೂ ತೆರೆದಿದೆ. ಡೋರೀನ್ ಅವನಿಗೆ ಟೀ ಕೊಡುತ್ತಾಳೆ, ಹವೆಯ ಬಗ್ಗೆ ನಾಲ್ಕು ಮಾತಾಡುತ್ತಾಳೆ. ಆದರೆ ಹೊಸ ಪೀಪಾಯಿ ತೆರೆದಾಗ ಹೇಗಿದೆ ಎಂದು ಅವನನ್ನು ಕೇಳುವುದಿಲ್ಲ. ಅವನು ಪಕ್ಕದಲ್ಲೇ ನಿಂತಿದ್ದರೂ, ಬಾಗಿಲಿಗೆ ಬಂದ ಅಂಚೆಯವನನ್ನು ಕರೆದು ಒಂದು ಗುಟುಕು ಕುಡಿಸಿ ನೋಡುತ್ತಾಳೆ.